ಹನ್ನೆರಡು ಮೆಷಿನ್, ಇಪ್ಪತ್ನಾಲ್ಕು ಜನ

ನಿಮ್ಮಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಕೇಳಿದವರ ತಪ್ಪೇನೂ ಇಲ್ಲ, ಪಾಪ. ಆದರೆ ಆ ಒಂದು ಪ್ರಶ್ನೆಗೆ ಉತ್ತರ ಕೊಡಲು ಹೋಗಿ ನಾನು ಒಂದು ವಾರ ನನ್ನವರಿಗೇ ಸುಳ್ಳು ಹೇಳಿದವಳು. ಬಾಯಿ ಜೋರು ಎಂದು ಊರೆಲ್ಲ ಹೆಸರು ಮಾಡಿದವಳು ಆ ವಾರ ಮಾತ್ರ ಬೆಕ್ಕಿನ ಮರಿಯ ಹಾಗೆ ಓಡಾಡಿಕೊಂಡಿದ್ದೆ.

ನಾವು ಕೈಗವಸು ಹೊಲಿಯುತ್ತೇವೆ. ಚಳಿಗೆ ಹಾಕಿಕೊಳ್ಳುವ ಉಣ್ಣೆಯದಲ್ಲ; ವೆಲ್ಡಿಂಗ್ ಮಾಡುವವರು, ಕಬ್ಬಿಣದ ಸರಳು ಹೊರುವವರು ಹಾಕಿಕೊಳ್ಳುವ ದಪ್ಪನೆಯದು. ಅಂಗೈ ಕಡೆ ಚರ್ಮ, ಹಿಂಬದಿಗೆ ಒರಟು ಬಟ್ಟೆ. ಹಳೆಯ ಗೋದಾಮೊಂದರ ಮಹಡಿಯ ಮೇಲೆ ನಮ್ಮ ಕಾರ್ಖಾನೆ. ತಗಡಿನ ಸೂರು, ಎರಡು ಸಾಲಿನಲ್ಲಿ ಹನ್ನೆರಡು ಮೆಷಿನ್, ಮೂಲೆಯಲ್ಲಿ ನಮ್ಮನೆಯವರ ಕತ್ತರಿಸುವ ಮೇಜು. ಕಿಟಕಿಯಿಂದ ಬಗ್ಗಿದರೆ ಗಲ್ಲಿಯ ಆಚೆಗೆ ನಮ್ಮ ಮನೆ ಕಾಣುತ್ತದೆ. ಅದರ ಮುಂದಿನ ಕೋಣೆಯಲ್ಲಿ ಯಾವಾಗಲೂ ಮಕ್ಕಳ ಗಲಾಟೆ. ಯಾರ ಮಕ್ಕಳು ಎಂದರೆ, ಎಲ್ಲರ ಮಕ್ಕಳು.

ಹದಿನೆಂಟು ವರ್ಷದ ಹಿಂದೆ ಇದ್ದದ್ದು ಒಂದೇ ಮೆಷಿನ್, ಅದೂ ಯಾರೋ ಮಾರಿ ಹೋದದ್ದು. ಹೊಲಿಯುವವರು ಇಬ್ಬರು, ನಾನು ಮತ್ತು ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಇಬ್ಬರ ಮಡಿಲಲ್ಲೂ ಕೂಸು. ಬೆಳಿಗ್ಗೆ ಏಳರಿಂದ ಹನ್ನೆರಡೂವರೆಯವರೆಗೆ ನಾನು ಮೆಷಿನ್ ಮೇಲೆ, ಎರಡೂ ಕೂಸು ಅವಳ ಹತ್ತಿರ. ಆಮೇಲೆ ಸಂಜೆ ಆರರವರೆಗೆ ಅವಳು ಮೆಷಿನ್ ಮೇಲೆ, ಎರಡೂ ಕೂಸು ನನ್ನ ಹತ್ತಿರ. ಎಡಗೈ ನನ್ನದು, ಬಲಗೈ ಅವಳದು. ಕೈಗವಸಿನಲ್ಲಿ ಬೆರಳು ಯಾರು ಬೇಕಾದರೂ ಹೊಲಿದಾರು. ಹೆಬ್ಬೆರಳು ಕೂರಿಸುವುದೇ ಕಷ್ಟ. ಎಡಗೈಗೆ ಬಟ್ಟೆಯನ್ನು ಒಂದು ಕಡೆ ತಿರುಗಿಸುತ್ತ ಹೋಗಬೇಕು, ಬಲಗೈಗೆ ಅದರ ಉಲ್ಟಾ. ದಿನಕ್ಕೆ ಎರಡೂ ಮಾಡಿದರೆ ಎರಡೂ ಕೆಡುತ್ತವೆ ಎಂದು ಮೊದಲ ತಿಂಗಳಲ್ಲೇ ಬುದ್ಧಿ ಬಂತು. ಅದಕ್ಕೇ ಹಂಚಿಕೊಂಡೆವು. ಸಂಜೆ ಅವಳು ತನ್ನ ಬಲಗೈಯನ್ನು ನನ್ನ ಎಡಗೈಗೆ ಸೇರಿಸಿ ದಾರ ಕಟ್ಟಿ ಪೆಟ್ಟಿಗೆಗೆ ಹಾಕುತ್ತಿದ್ದಳು.

ಮೆಷಿನ್ ಎರಡಾಯಿತು, ನಾಲ್ಕಾಯಿತು, ಹನ್ನೆರಡಾಯಿತು. ಪದ್ಧತಿ ಮಾತ್ರ ಬದಲಾಗಲಿಲ್ಲ. ಒಂದು ಮೆಷಿನ್‌ಗೆ ಇಬ್ಬರು. ಬೆಳಗಿನವಳು ಎಡಗೈ, ಮಧ್ಯಾಹ್ನದವಳು ಬಲಗೈ. ಒಬ್ಬಳು ಇಲ್ಲಿದ್ದಾಗ ಇನ್ನೊಬ್ಬಳು ಇಬ್ಬರ ಮಕ್ಕಳನ್ನೂ ನೋಡಿಕೊಳ್ಳಬೇಕು. ಮಕ್ಕಳು ದೊಡ್ಡವರಾದವರಿಗೆ ಮನೆಯಲ್ಲಿ ವಯಸ್ಸಾದವರು ಇದ್ದೇ ಇರುತ್ತಾರೆ. ನನಗೂ ಓರಗಿತ್ತಿಗೂ ಈಗ ನಮ್ಮ ಅತ್ತೆಯೇ ಕೂಸು. ಅವರನ್ನು ನೋಡಿಕೊಳ್ಳಲು ಬೆಳಿಗ್ಗೆ ಅವಳ ಪಾಳಿ, ಮಧ್ಯಾಹ್ನ ನನ್ನದು. ಅತ್ತೆಯ ಪಕ್ಕದಲ್ಲಿ ಕೂತೇ ನಾನು ಕಾಗದಪತ್ರ ನೋಡುತ್ತೇನೆ. ಕೆಲಸ ಕೇಳಿಕೊಂಡು ಯಾರು ಬಂದರೂ ನಾನು ಹೇಳುವುದು ಒಂದೇ ಮಾತು: ಜೋಡಿ ಕರೆದುಕೊಂಡು ಬಾ. ಒಂಟಿಯಾಗಿ ಬಂದವರನ್ನು ನಾನು ಸೇರಿಸಿಕೊಳ್ಳುತ್ತಿರಲಿಲ್ಲ.

ಈ ಮಾತು ಕೇಳಿ ಕೇಳಿ ವಾಪಸ್ಸು ಹೋದವಳು ಒಬ್ಬಳಿದ್ದಳು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರ. ಉದ್ದಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ಲಾರಿಗಳಿಗೆ ಟಾರ್ಪಾಲು ಕತ್ತರಿಸುವ ಅಂಗಡಿಯಲ್ಲಿದ್ದವಳು, ಅಂಗಡಿ ಮುಚ್ಚಿತು. ಪ್ರತಿ ತಿಂಗಳ ಮೊದಲ ದಿನ ಸೊಂಟದ ಮೇಲೆ ಮಗಳನ್ನು ಕೂರಿಸಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಳು. "ಜೋಡಿ ಸಿಕ್ತಾ?" ಎಂದು ನಾನು. "ಇಲ್ಲ ಅಕ್ಕ, ಸಿಗಲಿಲ್ಲ" ಎಂದು ಅವಳು. ಆ ಮಗು ಒಂದು ಕಡೆ ಕೂರುವ ಜಾತಿಯದಲ್ಲ, ಕಂಡದ್ದನ್ನೆಲ್ಲ ಎಳೆಯುತ್ತದೆ, ಯಾರೂ ಒಪ್ಪುತ್ತಿರಲಿಲ್ಲ. ನನಗೂ ಪಾಪ ಎನಿಸುತ್ತಿತ್ತು. ಆದರೆ ಕಟ್ಟುಪಾಡು ಕಟ್ಟುಪಾಡೇ ಎಂದುಕೊಂಡು ಕಳಿಸಿಬಿಡುತ್ತಿದ್ದೆ. ಬೇರೆಯವರ ಕಟ್ಟುಪಾಡಿಗೆ ನಾನು ಸಿಡಿದೇಳುವುದು ಇನ್ನೂ ಬಾಕಿಯಿತ್ತು.

ಇನ್ನು ನಮ್ಮನೆಯವರು. ಹದಿನೆಂಟು ವರ್ಷ ಎಲ್ಲ ಚರ್ಮವನ್ನೂ ಅವರೊಬ್ಬರೇ ಕತ್ತರಿಸಿದ್ದಾರೆ, ಮೊಳದುದ್ದದ ಒಂದೇ ಕತ್ತರಿಯಲ್ಲಿ. ಆ ಕತ್ತರಿಯನ್ನು ಯಾರೂ ಮುಟ್ಟುವಂತಿಲ್ಲ, ನಾನು ಕೂಡ. ಒಮ್ಮೆ ದಾರ ಕತ್ತರಿಸಲು ತೆಗೆದುಕೊಂಡೆನೆಂದು ಮೂರು ದಿನ ಮಾತು ಬಿಟ್ಟಿದ್ದರು ಮಹಾರಾಯರು. ಎರಡು ವರ್ಷದಿಂದ ಅವರ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿದೆ. ಡಾಕ್ಟರು, "ಕತ್ತರಿ ಬಿಡಿ, ಇಲ್ಲಾಂದ್ರೆ ಬೆರಳು ಬಿಡಿ" ಎಂದರು. ಅದನ್ನು ಕೇಳಿ ಮನೆಗೆ ಬಂದವರು ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತರು, ಮರುದಿನ ಬೆಳಿಗ್ಗೆ ಮತ್ತೆ ಮೇಜಿನ ಮುಂದೆ. ಊಟ ಮಾಡುವಾಗ ತುತ್ತು ಜಾರಿದರೆ ನಾನು ನೋಡದ ಹಾಗೆ ಇರುತ್ತಿದ್ದೆ. ನೋಡಿದರೆ ಅವರಿಗೆ ಅವಮಾನ.

ಹೀಗಿರುವಾಗ ನಮ್ಮ ದಾರದ ವ್ಯಾಪಾರಿ ಒಂದು ಸುದ್ದಿ ತಂದ. ಹೊರದೇಶದ ಯಾವುದೋ ದೊಡ್ಡ ಸಂಸ್ಥೆ, ನಮ್ಮಂಥ ಸಣ್ಣ ಖಾಸಗಿ ಕಾರ್ಖಾನೆಗಳಿಗೆ ಅನುದಾನ ಕೊಡುತ್ತದಂತೆ. ಸಾಲವಲ್ಲ, ತೀರಿಸಬೇಕಾಗಿಲ್ಲ. ಜನರಿಗೆ ಕೆಲಸ ಹುಟ್ಟಿಸಿದರೆ ಸಾಕು. ನಾನು ನಂಬಲಿಲ್ಲ. ಆದರೂ ನಲವತ್ತು ಪುಟದ ಅರ್ಜಿಯನ್ನು ಅತ್ತೆಯ ಮಂಚದ ಪಕ್ಕ ಕೂತು ಎರಡು ತಿಂಗಳು ತುಂಬಿದೆ. ಏನು ಬೇಕು ಎಂದು ಕೇಳಿದ ಕಡೆ, ಒಂದು ಕಟಿಂಗ್ ಪ್ರೆಸ್, ಇನ್ನೂ ಹನ್ನೆರಡು ಮೆಷಿನ್ ಎಂದು ಬರೆದೆ. ಪ್ರೆಸ್ ಎಂದರೆ ಅಚ್ಚಿಟ್ಟು ಹಿಡಿ ಎಳೆದರೆ ಹತ್ತು ಕೈಯಷ್ಟು ಚರ್ಮ ಒಟ್ಟಿಗೆ ಕತ್ತರಿಸಿ ಬೀಳುತ್ತದೆ. ಈಗ ಎಷ್ಟು ಜನ ಇದ್ದಾರೆ ಎಂದು ಕೇಳಿದ ಕಡೆ ಇಪ್ಪತ್ನಾಲ್ಕು ಎಂದು ಬರೆದೆ. ಇರುವವರು ಅಷ್ಟು, ಇನ್ನೇನು ಬರೆಯಲಿ?

ಮುನ್ನೂರು ಅರ್ಜಿಯಲ್ಲಿ ಒಂಬತ್ತು ಆರಿಸಿದರಂತೆ. ಒಂಬತ್ತರಲ್ಲಿ ನಮ್ಮದೂ ಒಂದು. ಆ ದಿನ ನಮ್ಮನೆಯವರು ಕತ್ತರಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದರು. ಅವರು ಹಾಗೆ ನಿಂತದ್ದೇ ಮುಂದೆ ನನ್ನ ಬಾಯಿ ಕಟ್ಟಿಹಾಕಿದ್ದು.

ಹದಿನೈದು ದಿನಕ್ಕೆ ಸಂಸ್ಥೆಯ ಸಲಹೆಗಾರ ಬಂದ. ಮೂವತ್ತು ದಾಟಿದ್ದಾನು, ಒಳ್ಳೆಯ ಮನುಷ್ಯ, ಸುಳ್ಳೇಕೆ ಹೇಳಲಿ. ಚಪ್ಪಲಿ ಹೊರಗೆ ಬಿಟ್ಟು ಬಂದ, ಅತ್ತೆಗೆ ಕೈ ಮುಗಿದ, ಟೀ ಕುಡಿದ ಲೋಟವನ್ನು ತಾನೇ ಬಚ್ಚಲಿಗೆ ಇಟ್ಟ. ಬೆಳಿಗ್ಗೆ ಬಂದವನು ಸಂಜೆಯವರೆಗೂ ಇದ್ದು, ಹನ್ನೆರಡೂವರೆಗೆ ಪಾಳಿ ಬದಲಾಗುವುದನ್ನು ನೋಡಿದ. ಅವನ ಮುಖ ಚಿಕ್ಕದಾಯಿತು.

"ಅಮ್ಮ, ನೀವು ಇಪ್ಪತ್ನಾಲ್ಕು ಅಂತ ಬರ್ದಿದೀರಿ. ನಮ್ಮ ಲೆಕ್ಕದಲ್ಲಿ ಇದು ಹನ್ನೆರಡು."

"ಯಾಕಪ್ಪಾ? ಕಣ್ಣಾರೆ ನೋಡಿದ್ಯಲ್ಲ."

"ನೋಡ್ದೆ. ಆದ್ರೆ ವಾರಕ್ಕೆ ನಲವತ್ತು ಗಂಟೆ ಆದ್ರೇನೇ ಒಂದು ಉದ್ಯೋಗ. ಅರ್ಧ ದಿನದ್ದು ಉದ್ಯೋಗ ಅಂತ ಲೆಕ್ಕಕ್ಕೆ ಬರಲ್ಲ."

"ಲೆಕ್ಕಕ್ಕೆ ಬರದೆ ಇದ್ರೆ ಬಿಡು. ಸಂಬಳಕ್ಕೆ ಬರ್ತಾರೆ."

ಅವನು ನಕ್ಕ, ಆದರೆ ಫೈಲು ಮುಚ್ಚಲಿಲ್ಲ. ಒಂದು ಮೆಷಿನ್‌ಗೆ ಒಬ್ಬಳು, ಇಡೀ ದಿನ, ಅದು ಮೊದಲ ಷರತ್ತು. ಉಳಿದ ಹನ್ನೆರಡು ಜನ ಸದ್ಯಕ್ಕೆ ಮನೆಯಲ್ಲಿರಲಿ. ಮುಂದಿನ ವರ್ಷ ಹೊಸ ಮೆಷಿನ್ ಬಂದಾಗ ಅವರನ್ನೇ ಕರೆಯಬಹುದು ಎಂದ.

"ಆಗ ಅವ್ರನ್ನ ಹೊಸ ಉದ್ಯೋಗ ಅಂತಾನೇ ತೋರಿಸ್ಬಹುದು ಅಮ್ಮ. ಹನ್ನೆರಡು ಹೊಸ ಉದ್ಯೋಗ. ನಿಮಗೂ ಒಳ್ಳೇದು."

ನಾನು ಅವನ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿದ್ದಾನೇನೋ ಎಂದುಕೊಂಡೆ. "ಇರೋರನ್ನ ಮನೆಗೆ ಕಳ್ಸಿ, ವರ್ಷ ಬಿಟ್ಟು ಅವ್ರನ್ನೇ ಕರ್ಕೊಂಡ್ ಬಂದ್ರೆ ಅದು ಹೊಸ ಕೆಲಸ ಹುಟ್ಟಿಸಿದ ಹಾಗಾ? ಏನಪ್ಪಾ, ಅವ್ರೇನು ಬಟ್ಟೆನಾ, ಒಗೆದು ಒಣಗಿಸಿ ಹೊಸದು ಅನ್ನೋದಕ್ಕೆ?"

"ನಿಯಮ ನಾನು ಬರ್ದಿಲ್ಲಮ್ಮ." ಅವನ ಕಿವಿ ಕೆಂಪಾಗಿತ್ತು. "ಮುಂದಿನ ಗುರುವಾರ ಮೇಲಧಿಕಾರಿ ಮೇಡಂ ಬರ್ತಾರೆ. ಒಂದು ವಾರ ಹೊಸ ಪದ್ಧತೀಲಿ ನಡೆಸಿ ತೋರ್ಸಿ, ಅವತ್ತೇ ಸಹಿ ಆಗುತ್ತೆ. ಆಮೇಲೆ ಎರಡು ವರ್ಷ ಹೇಳದೆ ಕೇಳದೆ ಬಂದು ನೋಡ್ತಾ ಇರ್ತಾರೆ, ಅದಕ್ಕೇ ನಿಜವಾಗ್ಲೂ ಮಾಡ್ಬೇಕು."

ಅಲ್ಲೇ ಬೇಡ ಎನ್ನಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಮೂಲೆಯಲ್ಲಿ ಕತ್ತರಿಯ ಸದ್ದು ನಿಂತಿತ್ತು. ನಮ್ಮನೆಯವರು ನಮ್ಮ ಕಡೆ ನೋಡದೆ ಹೆಬ್ಬೆರಳನ್ನು ಒತ್ತಿಕೊಳ್ಳುತ್ತಿದ್ದರು. ನಾನು "ಸರಿ, ಒಂದು ವಾರ ನೋಡೋಣ" ಎಂದೆ.

ಮರುದಿನ ಪಾಳಿ ಬದಲಾಗುವ ಹೊತ್ತಿಗೆ ಇಪ್ಪತ್ನಾಲ್ಕು ಜನರನ್ನೂ ನಿಲ್ಲಿಸಿಕೊಂಡು ಹೇಳಿದೆ. ಸೋಮವಾರದಿಂದ ಬೆಳಗಿನವರು ಒಂದು ವಾರ ಇಡೀ ದಿನ ಇರಬೇಕು. ಮಧ್ಯಾಹ್ನದವರು ಮನೆಯಲ್ಲಿರಬೇಕು, ಮಕ್ಕಳನ್ನು ನೋಡಿಕೊಳ್ಳಬೇಕು. ಆ ವಾರದ ಸಂಬಳ ಇಬ್ಬರಿಗೂ ಇದೆ.

"ಒಂದೇ ವಾರ ತಾನೇ ಅಕ್ಕಾ?" ಎಂದಳು ಮಧ್ಯಾಹ್ನದ ಪಾಳಿಯ ಪಟಾಕಿ. ಬಾಯಿ ತೆರೆದರೆ ಸಿಡಿಯುತ್ತಾಳೆಂದು ಅವಳಿಗೆ ಆ ಹೆಸರು.

"ಒಂದೇ ವಾರ ಕಣೇ. ಯಾರೋ ನೋಡೋಕೆ ಬರ್ತಾರೆ, ಅಷ್ಟೇ."

ಸುಳ್ಳು ಹೇಳಿದೆ. ಒಂದು ವಾರವಲ್ಲ, ಒಂದು ವರ್ಷ, ಬಹುಶಃ ಎಂದೆಂದಿಗೂ ಎಂದು ನನಗೆ ಗೊತ್ತಿತ್ತು. ಎಲ್ಲರೂ ನಂಬಿದರು, ಓರಗಿತ್ತಿಯೊಬ್ಬಳನ್ನು ಬಿಟ್ಟು. ಹದಿನೆಂಟು ವರ್ಷ ನಾನು ಎದ್ದ ಕುರ್ಚಿಯಲ್ಲಿ ಕೂತವಳು ಅವಳು. ನನ್ನ ಮುಖದ ಒಂದೊಂದು ಗೆರೆಯೂ ಅವಳಿಗೆ ಗೊತ್ತು. ಸಂಜೆ ಎಲ್ಲರೂ ಇಳಿದು ಹೋದ ಮೇಲೆ, "ಅಕ್ಕ, ನನ್ನ ಕತ್ತರಿ, ಬೆರಳುಕವಚ ಇಲ್ಲೇ ಬಿಡ್ಲಾ, ಮನೆಗೆ ತಗೊಂಡ್ ಹೋಗ್ಲಾ?" ಎಂದು ಕೇಳಿದಳು.

"ಬಿಡೇ ಇಲ್ಲೇ. ಎಲ್ಲಿಗೆ ತಗೊಂಡ್ ಹೋಗ್ತೀಯ?"

ಅವಳು ಎರಡನ್ನೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದಳು. ನನಗೆ ಅಳು ಬಂತು. ಅಳುವುದಕ್ಕೆ ನನಗೇನು ಹಕ್ಕಿದೆ ಎಂದು ಸಿಟ್ಟೂ ಬಂತು.

ಸೋಮವಾರ ಮಧ್ಯಾಹ್ನ ಬೆಳಗಿನ ಹನ್ನೆರಡು ಜನ, ನಾನೂ ಸೇರಿ, ಬಲಗೈ ಹೊಲಿಯಲು ಕೂತೆವು. ಅದೇನು ಮಹಾ, ಕಣ್ಣಮುಂದೆ ನೋಡಿಲ್ಲವೇ ಎಂದುಕೊಂಡಿದ್ದೆವು. ಅಯ್ಯೋ, ಆ ಮಧ್ಯಾಹ್ನ! ಕೈ ತನ್ನಷ್ಟಕ್ಕೆ ತಾನೇ ಹಳೆಯ ಕಡೆಗೆ ತಿರುಗುತ್ತದೆ. ಬೆರಳೆಲ್ಲ ಸರಿ ಬರುತ್ತವೆ, ಹೆಬ್ಬೆರಳಿಗೆ ಬಂದ ಕೂಡಲೇ ಬಟ್ಟೆ ಮುದುಡುತ್ತದೆ. ಹೊಲಿದು ತಿರುಗಿಸಿ ನೋಡಿದರೆ ಹೆಬ್ಬೆರಳು ಮುನಿಸಿಕೊಂಡ ಮಗುವಿನ ಹಾಗೆ ಆ ಕಡೆ ಮುಖ ಮಾಡಿರುತ್ತದೆ. ಸಂಜೆಗೆ ಹೊಲಿದದ್ದರಲ್ಲಿ ಮುಕ್ಕಾಲು ಪಾಲು ಕೆಟ್ಟಿತ್ತು. ನಮ್ಮನೆಯವರು ಒಂದೊಂದನ್ನೇ ಎತ್ತಿ ನೋಡಿದರು.

"ಏನೇ ಇದು? ನಾನು ಕೈ ಸವೆಸಿ ಕತ್ತರ್ಸೋದು, ನೀವು ಹಾಳ್ ಮಾಡೋದಾ? ಈ ಚರ್ಮ ಏನು ಗಿಡದಲ್ಲಿ ಬಿಡುತ್ತಾ?"

"ನನ್ನ ಮೇಲೆ ಯಾಕ್ರೀ ಹಾರಾಡ್ತೀರ? ನಿಮಗೋಸ್ಕರಾನೇ ಇದೆಲ್ಲ ಕುಣೀತಿರೋದು!"

ಹಾಗೆ ಅಂದುಬಿಟ್ಟೆ. ಅವರು ಕೈಯಲ್ಲಿದ್ದುದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ನನಗೋಸ್ಕರ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ?" ಎಂದರು, ಅಷ್ಟೇ. ಕತ್ತರಿ ಎತ್ತಿಕೊಂಡು ಬೆನ್ನು ತಿರುಗಿಸಿದರು.

ಇನ್ನಷ್ಟು ಚರ್ಮ ಹಾಳಾಗುವುದು ಬೇಡ ಎಂದು ನಾನೇ ಒಂದು ಉಪಾಯ ಮಾಡಿದೆ. ಈ ವಾರ ಇಡೀ ದಿನ ಎಡಗೈಯನ್ನೇ ಹೊಲಿಯೋಣ, ಬಲಗೈ ಕಲಿಯುವುದು ಆಮೇಲೆ ನೋಡಿಕೊಳ್ಳೋಣ. ಮಂಗಳವಾರ, ಬುಧವಾರ ಹನ್ನೆರಡು ಮೆಷಿನ್ ಎಡೆಬಿಡದೆ ಓಡಿದವು. ಬುಟ್ಟಿಗಳು ತುಂಬಿ ತುಳುಕಿದವು. ನೋಡಿದವರಿಗೆ ಭರ್ಜರಿ ವ್ಯಾಪಾರ ಎನ್ನಿಸಬೇಕು. ಕಿಟಕಿಯಿಂದ ಬಗ್ಗಿದರೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹನ್ನೆರಡು ಹೆಂಗಸರೂ ಕೈಕಟ್ಟಿ ಕೂತಿರುತ್ತಿದ್ದರು. ಮನೆಯಲ್ಲಿರಿ ಎಂದರೆ ಅವರು ಬಂದದ್ದು ನನ್ನ ಮನೆಗೇ, ಅಭ್ಯಾಸ ನೋಡಿ. ಬುಧವಾರ ರಾತ್ರಿ ಊಟ ಬಡಿಸುವಾಗ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿ ಕೇಳಿದರು, "ಚಿಕ್ಕ ಸೊಸೇನ ಕೆಲಸದಿಂದ ತೆಗೆದ್ಯಂತೆ?"

"ಯಾರ್ ಹೇಳಿದ್ದು ಅತ್ತೆ?"

"ಯಾರೂ ಹೇಳಿಲ್ಲ. ಮಧ್ಯಾಹ್ನ ಹೊತ್ತು ಅವಳ ಕೈ ಸುಮ್ನೆ ಇರೋದನ್ನ ಹದಿನೆಂಟು ವರ್ಷದಲ್ಲಿ ನಾನು ನೋಡಿರ್ಲಿಲ್ಲ."

ನಾನು ಕೈ ಬಿಡಿಸಿಕೊಂಡು ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಗುರುವಾರ ಮೇಲಧಿಕಾರಿ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಸಾದಾ ಬಟ್ಟೆ, ಚುರುಕು ಕಣ್ಣು. ಜೊತೆಗೆ ನಮ್ಮ ಸಲಹೆಗಾರ, ಅವನ ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಒಂದು ದೊಡ್ಡ ಹಲಗೆ. ಈ ಘಟಕಕ್ಕೆ ಅನುದಾನ ಕೊಟ್ಟವರು ಯಾರು ಎಂದು ಬರೆದ ಬಣ್ಣದ ಫಲಕ. ಸಹಿ ಆದ ಕೂಡಲೇ ಗೋಡೆಗೆ ಹೊಡೆಯಬೇಕಂತೆ. ತೋರಿಸಲೆಂದು ನಾನು ತೆಗೆದಿಟ್ಟಿದ್ದ ಹಳೆಯ ಸರಿಯಾದ ಜೋಡಿಗಳು ಇನ್ನೂ ಪೆಟ್ಟಿಗೆಯಲ್ಲೇ ಇದ್ದವು.

ಮೇಡಂ ಸಾಲಿನುದ್ದಕ್ಕೂ ನಡೆದರು. ಒಬ್ಬೊಬ್ಬರ ಹತ್ತಿರವೂ ನಿಂತು, ವಾರಕ್ಕೆ ಎಷ್ಟು ಗಂಟೆ, ಎಷ್ಟು ದಿನದಿಂದ ಇದ್ದೀರಿ ಎಂದು ಕೇಳಿದರು. ಹನ್ನೆರಡು ಎಂದು ಎಣಿಸಿ ಬರೆದುಕೊಂಡರು. "ತುಂಬ ಚೆನ್ನಾಗಿದೆ. ಒಂದು ಫೋಟೋ ತೆಗೀರಿ" ಎನ್ನುತ್ತ, ನಾನು ಬಾಯಿ ತೆರೆಯುವಷ್ಟರಲ್ಲಿ, ಹತ್ತಿರದ ಬುಟ್ಟಿಗೆ ಕೈಹಾಕಿ ಎರಡು ಕೈಗವಸು ತೆಗೆದು ಹಾಕಿಕೊಂಡರು.

ಎಡಗೈಗೆ ಸರಿಯಾಗಿ ಕೂತಿತು. ಬಲಗೈಗೆ ಹಾಕಿದರೆ ಚರ್ಮ ಕೈಯ ಬೆನ್ನಿಗೆ ಬಂತು, ಬಟ್ಟೆ ಅಂಗೈಗೆ. ಮೇಡಂ ಅದನ್ನು ತೆಗೆದು ಇನ್ನೊಂದು ಹಾಕಿದರು. ಅದೂ ಎಡಗೈ. ಇನ್ನೊಂದು ಬುಟ್ಟಿಗೆ ಹೋದರು. ಅಲ್ಲೂ ಎಡಗೈ. ಸಲಹೆಗಾರ ಮೂರನೇ ಬುಟ್ಟಿಯನ್ನು ಬುಡಮೇಲು ಮಾಡಿ ಹುಡುಕತೊಡಗಿದ. ಯಾವುದೋ ಮೆಷಿನ್ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಆಮೇಲೆ ಮೆಷಿನ್‌ಗಳೆಲ್ಲ ನಿಂತವು.

"ಇದೆಲ್ಲ ಎಡಗೈನೇ ಅಲ್ವಾ?" ಎಂದರು ಮೇಡಂ. "ಬಲಗೈ ಎಲ್ಲಿ?"

ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅದರ ಹಿಂದೆಯೇ, ದೇವರಾಣೆ, ವಾರದಿಂದ ಹೊತ್ತಿದ್ದ ಮೂಟೆ ಇಳಿದ ಹಾಗಾಯಿತು. ಕಿಟಕಿಯ ಹತ್ತಿರ ಹೋದೆ.

"ಬಲಗೈ ಅಲ್ಲಿದೆ ಮೇಡಂ. ಆ ಕೋಣೇಲಿ ಕೂತಿದೆ ನೋಡಿ, ಹನ್ನೆರಡೂ." ಆಮೇಲೆ ಗಲ್ಲಿಗೆ ಕೇಳುವ ಹಾಗೆ ಕೂಗಿದೆ, "ಲೇ ತಂಗೀ! ಎಲ್ರನ್ನೂ ಕರ್ಕೊಂಡ್ ಮೇಲೆ ಬಾ! ಮಕ್ಕಳನ್ನೂ ಕರ್ಕೊಂಡ್ ಬಾ!"

ಮೆಟ್ಟಿಲ ಮೇಲೆ ದಡದಡ ಸದ್ದು. ಓರಗಿತ್ತಿ ಮುಂದೆ, ಹಿಂದೆ ಪಟಾಕಿ, ಅವಳ ಹಿಂದೆ ಉಳಿದವರು, ಕೈಯಲ್ಲಿ ಕಂಕುಳಲ್ಲಿ ಮಕ್ಕಳು. ಒಬ್ಬೊಬ್ಬಳೂ ತನ್ನ ತನ್ನ ಮೆಷಿನ್ ಪಕ್ಕ ಹೋಗಿ ಜೋಡಿಯ ಹೆಗಲಿಗೆ ಹೆಗಲು ತಾಗಿಸಿ ನಿಂತಳು. ನನ್ನ ಮೆಷಿನ್ ಹತ್ತಿರ ಓರಗಿತ್ತಿ. ನಾನು ಅವಳ ಪಕ್ಕ ಹೋಗಿ ನಿಂತೆ.

"ಈಗ ಎಣಿಸಿ ಮೇಡಂ."

ಮೇಡಂ ಪೆನ್ನು ಎತ್ತಲಿಲ್ಲ. ಕೋಪವೂ ಮಾಡಿಕೊಳ್ಳಲಿಲ್ಲ. ಕೈಗವಸು ತೆಗೆದು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮ ಮಾತು ನನಗೆ ಅರ್ಥ ಆಗುತ್ತೆ" ಎಂದರು. "ಆದ್ರೆ ಬೇರೆ ಕಡೆ ಏನ್ ನಡೆದಿದೆ ಗೊತ್ತಾ? ಒಂದೇ ಕೆಲಸನ ಇಬ್ರು ಮೂವರ ಹೆಸರಲ್ಲಿ ಬರ್ದು, ಮೂರು ಉದ್ಯೋಗ ಅಂತ ತೋರ್ಸಿ ದುಡ್ಡು ತಗೊಂಡಿದಾರೆ. ಅದಕ್ಕೇ ಈ ನಿಯಮ. ಇಡೀ ದಿನದ ಕೆಲಸ ಇದ್ರೆ ಇವ್ರಿಗೂ ಒಳ್ಳೇ ಸಂಬಳ ಅಲ್ವಾ? ಮುಂದಿನ ವರ್ಷ ಇಪ್ಪತ್ನಾಲ್ಕೂ ಜನಕ್ಕೆ ಇಡೀ ದಿನ ಕೊಡ್ಬಹುದು."

ಮಾತು ತಪ್ಪೆಂದು ಹೇಳಲಾರೆ. ಮೋಸ ಮಾಡುವವರು ಇದ್ದಾರೆ, ನನಗೂ ಗೊತ್ತು. ಆದರೆ ಮೋಸಗಾರನನ್ನು ಹಿಡಿಯಲು ಬೀಸಿದ ಬಲೆಯಲ್ಲಿ ನನ್ನ ಓರಗಿತ್ತಿ ಯಾಕೆ ಸಿಕ್ಕಿಕೊಳ್ಳಬೇಕು?

"ಕೊಡ್ಬಹುದು ಮೇಡಂ," ಎಂದೆ. "ಇಪ್ಪತ್ನಾಲ್ಕು ಜನಾನೂ ಬೆಳಗ್ಗೆಯಿಂದ ಸಂಜೆವರೆಗೆ ಇಲ್ಲಿ ಕೂತ್ರೆ, ಈ ಮಕ್ಕಳನ್ನ ನೋಡ್ಕೊಳೋದಕ್ಕೆ ನಿಮ್ಮ ಫಾರಂ ಬರುತ್ತಾ? ನಮ್ಮತ್ತೆಗೆ ಗಂಜಿ ಕುಡಿಸೋದಕ್ಕೆ ನಲವತ್ತು ಗಂಟೆ ಬರುತ್ತಾ? ಇಲ್ಲಿ ಒಬ್ಬಳು ಅರ್ಧ ದಿನ ಹೊಲೀತಾಳೆ, ಇನ್ನರ್ಧ ದಿನ ಇನ್ನೊಬ್ಬಳು ಹೊಲಿಯೋ ಹಾಗೆ ನೋಡ್ಕೋತಾಳೆ. ಅದು ಕೆಲಸ ಅಲ್ಲ ಅಂದ್ರೆ ಈ ರಾಶೀಲಿ ಒಂದು ಬಲಗೈ ಹುಡುಕಿ ಕೊಡಿ ನೋಡೋಣ."

ಪಟಾಕಿ ಸಿಡಿದಳು. "ಅಂದ್ರೆ ಅಕ್ಕಾ, ಒಂದು ವಾರ ಅಂದಿದ್ದು ಸುಳ್ಳಾ?"

ಎಲ್ಲರ ಕಣ್ಣೂ ನನ್ನ ಮೇಲೆ. "ಸುಳ್ಳು ಕಣೇ," ಎಂದೆ. "ನಿಮ್ಮನ್ನ ವರ್ಷಗಟ್ಟಲೆ ಮನೇಲಿ ಕೂರ್ಸೋದಕ್ಕೆ ಹೂಂ ಅಂದುಬಿಟ್ಟಿದ್ದೆ. ತಪ್ಪಾಯ್ತು. ಉಗಿಯೋದಿದ್ರೆ ಉಗೀರಿ, ಆದ್ರೆ ಇವ್ರು ಹೋದ್ಮೇಲೆ."

ಸಲಹೆಗಾರ ಒಪ್ಪಂದದ ಕಾಗದವನ್ನು ಮೇಜಿನ ಮೇಲೆ ಬಿಡಿಸಿದ್ದ. "ಹಾಲಿ ಉದ್ಯೋಗಗಳು" ಎಂಬುದರ ಮುಂದೆ ಹನ್ನೆರಡು ಎಂದು ಅಚ್ಚಾಗಿತ್ತು. ಅದರ ಆಚೆ ಮೂಲೆಯಲ್ಲಿ ನಮ್ಮನೆಯವರು ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಪ್ರೆಸ್ ಕೈತಪ್ಪುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಊದಿದ ಹೆಬ್ಬೆರಳನ್ನು ಜೇಬಿಗೆ ಸೇರಿಸಿಕೊಂಡರು. "ಬರಿಯೇ, ಏನು ನೋಡ್ತೀಯ?" ಎಂದರು.

ನಾನು ಹನ್ನೆರಡನ್ನು ಹೊಡೆದುಹಾಕಿ, ಪಕ್ಕದಲ್ಲಿ ಇಪ್ಪತ್ನಾಲ್ಕು ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿ ಮೇಡಂ ಮುಂದೆ ತಳ್ಳಿದೆ.

"ತಿದ್ದಿದ ಕಾಗದ ನಡೆಯಲ್ಲ" ಎಂದರು ಅವರು, ಮೆಲ್ಲಗೆ.

"ನಡೀದೆ ಇದ್ರೆ ಬೇಡ ಮೇಡಂ. ನನ್ನ ಸಹಿ ಇರೋ ಕಾಗದದಲ್ಲಿ ನನ್ನ ಜನ ಪೂರ್ತಿ ಇರ್ಬೇಕು. ಟೀ ಕುಡ್ಕೊಂಡು ಹೋಗಿ."

ಕುಡಿದರು, ಹೋದರು. ಸಲಹೆಗಾರ ಮೆಟ್ಟಿಲಿಳಿದವನು ಏನೋ ಮರೆತವನ ಹಾಗೆ ಮತ್ತೆ ಬಂದ. "ಫಲಕ ವಾಪಸ್ ತಗೊಂಡ್ ಹೋಗೋದಕ್ಕೆ ನಂಗೆ ನಾಚಿಕೆ ಆಗುತ್ತಮ್ಮ, ಏನಕ್ಕಾದ್ರೂ ಇಟ್ಕೊಳಿ" ಎಂದು ಅದನ್ನು ಗೋಡೆಗೆ ಒರಗಿಸಿ ಹೋದ.

ಆ ಮೇಲೆ ಉಗಿಸಿಕೊಂಡೆ, ಹೊಟ್ಟೆ ತುಂಬ. ಪಟಾಕಿಯೊಬ್ಬಳೇ ಕಾಲು ಗಂಟೆ ಬಾಯಿಗೆ ಬಂದ ಹಾಗೆ ಬೈದಳು. ಓರಗಿತ್ತಿ ಮಾತ್ರ ಸೆರಗಿನ ಗಂಟು ಬಿಚ್ಚಿ, ಕತ್ತರಿ, ಬೆರಳುಕವಚ ತೆಗೆದು ಮೆಷಿನ್ ಮೇಲಿಟ್ಟಳು. "ಏಳಕ್ಕ, ಹನ್ನೆರಡೂವರೆ ಆಯ್ತು" ಎಂದಳು. ನಾನು ಎದ್ದೆ, ಅವಳು ಕೂತಳು. ಆ ಎಡಗೈಗಳ ರಾಶಿಗೆ ಜೋಡಿ ಸೇರಿಸಲು ಮಧ್ಯಾಹ್ನದವರಿಗೆ ಎರಡು ವಾರ ಬೇಕಾಯಿತು.

ಇನ್ನು ಉಳಿದದ್ದು ನಮ್ಮನೆಯವರ ಹೆಬ್ಬೆರಳು. ಮರುದಿನ ಶುಕ್ರವಾರ, ತಿಂಗಳ ಮೊದಲ ದಿನ. ಪಾಳಿ ಬದಲಾಗುವ ಹೊತ್ತಿಗೆ ಉದ್ದಕ್ಕ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಒಳಗೆ ಬಂದಳು. ನಾನು ಎಂದಿನಂತೆ, "ಜೋಡಿ ಸಿಕ್ತಾ?" ಎಂದು ಕೇಳಿದೆ. ಕೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ನಿನ್ನೆ ಇಡೀ ಊರಿನ ಮುಂದೆ ನಿಯಮದ ವಿರುದ್ಧ ಎದೆ ಸೆಟೆಸಿದವಳು, ಇವಳನ್ನು ಎಷ್ಟು ತಿಂಗಳಿಂದ ನನ್ನದೇ ನಿಯಮ ಹೇಳಿ ಕಳಿಸುತ್ತಿದ್ದೇನೆ! ಅವಳು "ಇಲ್ಲ ಅಕ್ಕ" ಎನ್ನುವುದರೊಳಗೆ ನಾನು ಮೂಲೆಯ ಕಡೆ ತಿರುಗಿದೆ. ಇಡೀ ಕಾರ್ಖಾನೆಯಲ್ಲಿ ಜೋಡಿ ಇಲ್ಲದೆ ದುಡಿಯುತ್ತಿದ್ದವರು ಒಬ್ಬರೇ.

"ರೀ, ಆ ಕತ್ತರಿ ಇವಳ ಕೈಗೆ ಕೊಡಿ."

"ಏನಂದೆ?"

"ಟಾರ್ಪಾಲು ಕತ್ತರಿಸಿದ ಕೈ ಅದು. ನೋಡ್ರೀ ಮಣಿಕಟ್ಟು ಹೇಗಿದೆ. ಬೆಳಗ್ಗೆ ನೀವು, ಮಧ್ಯಾಹ್ನ ಅವಳು."

ಅವರು ಕತ್ತರಿಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಹನ್ನೆರಡು ಮೆಷಿನ್ ನಿಂತವು. ಉದ್ದಕ್ಕ ಮಗಳನ್ನು ಕೆಳಗಿಳಿಸಿ, ಎರಡೂ ಕೈ ಮುಂದೆ ಚಾಚಿ ನಿಂತಳು. ಕೊನೆಗೆ ನಮ್ಮನೆಯವರು ಕತ್ತರಿಯನ್ನು ಅವಳ ಕೈಯಲ್ಲಿಟ್ಟರು. ಅವಳು ಮೇಜಿನ ಮೇಲಿದ್ದ ಚರ್ಮವನ್ನು ಒಮ್ಮೆ ಸವರಿ, ತುಟಿ ಕಚ್ಚಿ ಒಂದು ಅಂಗೈ ಕತ್ತರಿಸಿದಳು. ಅವರು ಅದನ್ನೆತ್ತಿ ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಬೆರಳು ಓಡಿಸಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಪರವಾಗಿಲ್ಲ ಎಂದರೆ ಚಪ್ಪಾಳೆ ಹೊಡೆದ ಹಾಗೆ.

ಅಷ್ಟರಲ್ಲಿ ಆ ಮಗು ದಾರದ ಬುಟ್ಟಿಯನ್ನು ಎಳೆದು ಮೈಮೇಲೆ ಕೆಡವಿಕೊಂಡಿತು.

"ಇದನ್ನ ಯಾರು ನೋಡ್ಕೊಳೋದು?" ಎಂದರು ನಮ್ಮನೆಯವರು.

"ಜೋಡಿ ಅಂದ್ಮೇಲೆ ಜೋಡಿ. ಮಧ್ಯಾಹ್ನ ನೀವು."

"ನಾನಾ? ಈ ವಯಸ್ಸಲ್ಲಿ?"

"ಹೆಬ್ಬೆರಳಿಗೆ ವಿಶ್ರಾಂತಿ ಬೇಕು ಅಂದ್ರಲ್ಲ ಡಾಕ್ಟ್ರು. ಇದು ವಿಶ್ರಾಂತಿ." ಓರಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಭಾವ, ಮೊದಲು ಕನ್ನಡಕ ತೆಗ್ದಿಡಿ, ಅದು ಎಳೆಯುತ್ತೆ" ಎಂದಳು.

ಈಗ ಬೆಳಗಿನ ಹೊತ್ತಿನಲ್ಲಿ ಉದ್ದಕ್ಕ ಮಗಳೊಂದಿಗೆ ಮುಂದಿನ ಕೋಣೆಯಲ್ಲಿ ಎಲ್ಲರ ಮಕ್ಕಳ ನಡುವೆ ಇರುತ್ತಾಳೆ. ಮಧ್ಯಾಹ್ನ ನಾನು ಅತ್ತೆಗೆ ಗಂಜಿ ಕುಡಿಸುವಾಗ, ನಮ್ಮನೆಯವರು ನೆಲದ ಮೇಲೆ ಕೂತು ಆ ತುಂಟಿಯನ್ನು ತೊಡೆಯ ಮೇಲೆ ಹಾಕಿಕೊಂಡಿರುತ್ತಾರೆ. ಅವಳು ಅವರ ಊದಿದ ಹೆಬ್ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಿದ್ದೆ ಹೋಗುತ್ತಾಳೆ. ಊತ ಇಳಿಯುತ್ತಿದೆ, ಪೂರ್ತಿ ಅಲ್ಲ. ಬಣ್ಣದ ಫಲಕಕ್ಕೆ ನಾಲ್ಕು ಕಾಲು ಹೊಡೆಸಿ ಮಕ್ಕಳ ಊಟಕ್ಕೆ ಮೇಜು ಮಾಡಿದ್ದೇವೆ. ಗಟ್ಟಿ ಹಲಗೆ, ಸಂಸ್ಥೆಯವರು ಸಾಮಾನು ಒಳ್ಳೆಯದೇ ಕೊಡುತ್ತಾರೆ.

ಕಳೆದ ವಾರ ಅವರಿಂದ ಒಂದು ಕಾಗದ ಬಂತು. ಅನುದಾನ ಸಿಗದ ಅರ್ಜಿದಾರರನ್ನೂ ವಿಚಾರಿಸುತ್ತಾರಂತೆ. ಒಂದೇ ಪ್ರಶ್ನೆ: ನಮ್ಮ ನೆರವಿಲ್ಲದೆ ಈ ಅವಧಿಯಲ್ಲಿ ನೀವು ಸೃಷ್ಟಿಸಿದ ಹೊಸ ಉದ್ಯೋಗಗಳು ಎಷ್ಟು? ಮುಂದೆ ಒಂದು ಸಣ್ಣ ಖಾನೆ.

ಮಕ್ಕಳು ಉಂಡೆದ್ದ ಮೇಜನ್ನು ಒರೆಸಿ, ಅದರ ಮೇಲೇ ಕಾಗದ ಇಟ್ಟು, ಖಾನೆಯ ಹೊರಗೂ ಹಬ್ಬುವ ಹಾಗೆ ಬರೆದೆ: ಒಂದು. ಅರ್ಧ ದಿನದ್ದು. ನೀವು ಎಣಿಸದಿದ್ದರೂ ನಾಳೆ ಮಧ್ಯಾಹ್ನ ಹನ್ನೆರಡೂವರೆಗೆ ಅವಳು ಕೆಲಸಕ್ಕೆ ಬರುತ್ತಾಳೆ.